ಗುರುಬಾಯಿಯ ಜೊತೆ ನಾಸಿಕಿಗೆ

ಹೋದ ವರ್ಷ ತಂಗಿಯ ಮೊಮ್ಮಗಳ ಮದುವೆಗೆಂದು ಸಂಭಾಜಿನಗರದಿಂದ ನಾಸಿಕಿಗೆ ಕಾರಿನಲ್ಲಿ ಹೊರಟಿದ್ದೆವು. ಯೇವಲಾ ಹತ್ತಿರ ಬಂದಾಗ ಡ್ರೈವರ್ ಕಿಟಕಿಯ ಗಾಜು ಇಳಿಸಿದ. ರಸ್ತೆಯ ಬದಿಗೆ ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಬಿಸಿಲಿಗೆ ಕಾದ ಈರುಳ್ಳಿ, ಗೋಣಿಚೀಲ, ಡೀಸೆಲ್ಲು ಮೂರೂ ಕಲೆತ ಆ ವಾಸನೆ ಒಳಗೆ ನುಗ್ಗಿತು. ನನಗೆ ಮೊದಲು ನೆನಪಾದದ್ದು ಯಾರ ಮುಖವೂ ಅಲ್ಲ, ಸೊಂಟನೋವು. ಎಸ್‌ಟಿ ಬಸ್ಸಿನ ಮರದ ಸೀಟಿನ ಮೇಲೆ ಆರು ತಾಸು ಕುಳಿತ ನೋವು. ಪಕ್ಕದಲ್ಲಿದ್ದ ತಂಗಿ, ಯಾಕಕ್ಕಾ ಮುಖ ಹೀಗೆ ಮಾಡಿದಿ ಎಂದು ಕೇಳಿದಳು. ಏನಿಲ್ಲ ಎಂದೆ. ಒಂದು ವರ್ಷ ಪೂರ್ತಿ ಈ ರಸ್ತೆಯಲ್ಲಿ ಓಡಾಡಿದ್ದೆ ಎಂದು ಹೇಳಿದರೆ, ಯಾತಕ್ಕೆ ಎಂದು ಕೇಳುತ್ತಿದ್ದಳು. ಅದನ್ನು ಹೇಳಿ ಮುಗಿಸುವುದು ಕಾರಿನಲ್ಲಿ ಆಗುವ ಮಾತಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲವದು. ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಚಿಕಲಠಾಣಾದ ಬಯಲಿನಲ್ಲಿ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು, ಬೀದರ ಕಲಬುರಗಿ ಕಡೆಯ ಗಂಡಸರು ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಭಾಲ್ಕಿಯ ಶರಣಪ್ಪ ನಮಗಿಂತ ಎರಡು ವರ್ಷ ಮೊದಲೇ ಬಂದು ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ನನ್ನ ಗಂಡ ಪ್ರಭುದಾಸ ಅವನೊಡನೆ ಬೀದರಿನಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಶರಣಪ್ಪನೇ ಕಾಗದ ಬರೆದು ಕರೆಸಿಕೊಂಡ, ತನ್ನ ಕಾರ್ಖಾನೆಯಲ್ಲೇ ಕೆಲಸ ಕೊಡಿಸಿದ, ತನ್ನ ಕೋಣೆಯ ಪಕ್ಕದ ಕೋಣೆಯನ್ನೇ ಬಾಡಿಗೆಗೆ ಹಿಡಿದುಕೊಟ್ಟ. ಹತ್ತು ಕೋಣೆಗಳ ಸಾಲು, ತಗಡಿನ ಮಾಡು, ಎಲ್ಲರಿಗೂ ಒಂದೇ ನಲ್ಲಿ. ಆ ಸಾಲಿನಲ್ಲಿ ಕನ್ನಡ ಕೇಳುತ್ತಿದ್ದುದು ನಮ್ಮೆರಡು ಕೋಣೆಗಳಲ್ಲಿ ಮಾತ್ರ.

ಶರಣಪ್ಪನ ಹೆಂಡತಿ ಗುರುಬಾಯಿ. ನನಗಿಂತ ಎರಡೋ ಮೂರೋ ವರ್ಷ ಚಿಕ್ಕವಳು. ಅವಳಿಗೆ ಶಶಿಕಲಾ ಎಂಬ ನಾಲ್ಕು ವರ್ಷದ ಮಗಳು. ಅವರು ಲಿಂಗ ಕಟ್ಟಿಕೊಂಡವರು, ನಾವು ಕ್ರಿಸ್ತನವರು. ನನ್ನ ಕೈಯ ಅಡಿಗೆಯನ್ನು ಗುರುಬಾಯಿ ಉಣ್ಣುತ್ತಿರಲಿಲ್ಲ. ಅದನ್ನವಳು ಒರಟಾಗಿ ತೋರಿಸಿದವಳಲ್ಲ, ನಾನೂ ಕೇಳಿದವಳಲ್ಲ. ಹಿಟ್ಟು, ಕಾಳು, ಕೊತ್ತಂಬರಿ ಅತ್ತಿತ್ತ ಆಗುತ್ತಿತ್ತು. ಅವಳ ಮಗಳ ಲಂಗಗಳನ್ನೆಲ್ಲ ನನ್ನ ಹೊಲಿಗೆ ಮಶೀನಿನ ಮೇಲೆ ನಾನೇ ಹೊಲಿದುಕೊಡುತ್ತಿದ್ದೆ.

ನನ್ನ ಗಂಡನ ಬಗ್ಗೆ ಇಲ್ಲಿಯೇ ಹೇಳಬೇಕು. ನಾನು ಹುಟ್ಟಿನಿಂದ ಕ್ರೈಸ್ತಳು. ಬೀದರಿನ ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವಳು, ಪ್ರಾರ್ಥನೆಯ ಗಂಟೆ ಊಟದ ಗಂಟೆ ಎರಡೂ ನನಗೆ ಒಂದೇ ತರಹ ಕೇಳಿಸುತ್ತಿದ್ದವು. ಅವರು ಹಾಗಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಒಂದು ಕೂಟದಲ್ಲಿ ಎದ್ದುನಿಂತು, ಇನ್ನು ಮೇಲೆ ಹೆಸರಿನ ಕ್ರೈಸ್ತನಾಗಿ ಇರುವುದಿಲ್ಲ, ಶಿಷ್ಯನಾಗಿ ಇರುತ್ತೇನೆ ಎಂದು ಮಾತು ಕೊಟ್ಟಿದ್ದರು. ಅವರ ಮಾತಿನಲ್ಲಿ ಉಪದೇಶ ಇರುತ್ತಿರಲಿಲ್ಲ. ಬೆಳಗಿನ ಪಾಳಿಗೆ ಹೋಗುವ ಮೊದಲು ಒಂದು ಪುಟ ಓದಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತು, ಎದ್ದು ಹೋಗುತ್ತಿದ್ದರು. ಓದಿದ್ದನ್ನು ಆ ದಿನವೇ ಮಾಡಲು ಹೊರಡುವುದು ಮಾತ್ರ ಅವರ ಅಭ್ಯಾಸ. ಯಾರೋ ಕೇಳಿದರೆಂದು ಇದ್ದೊಂದು ಕೋಟು ಕೊಟ್ಟು ಬರುವರು. ನಲ್ಲಿಯ ಮೋರಿ ಕಟ್ಟಿಕೊಂಡರೆ ಇಡೀ ಸಾಲಿನಲ್ಲಿ ಅವರೊಬ್ಬರೇ ಕೈ ಹಾಕಿ ತೆಗೆಯುವರು. ಆ ಕೊಳೆಯಾದ ಅಂಗಿ ಒಗೆಯುವವಳು ನಾನು. ಅವರ ಶಿಷ್ಯತ್ವದಲ್ಲಿ ಅರ್ಧ ಕೆಲಸ ನನ್ನ ಪಾಲಿಗೆ ಬರುತ್ತದೆಂದು ಮದುವೆಯಾದ ಒಂದೇ ವರ್ಷದಲ್ಲಿ ನನಗೆ ತಿಳಿದಿತ್ತು.

ಆ ಜಗಳ ನಡೆದದ್ದು ದೀಪಾವಳಿ ಕಳೆದ ಮೇಲೆ. ಕಾರ್ಖಾನೆಯಲ್ಲಿ ಒಂದು ಅಚ್ಚು ಒಡೆದಿತ್ತು. ಅದು ಶರಣಪ್ಪನ ತಪ್ಪೆಂದು ಸೂಪರ್‌ವೈಸರ್ ಎಲ್ಲರೆದುರು ಬೈದು, ಅವನ ತಾಯಿಯ ಹೆಸರೆತ್ತಿ, ಕೆನ್ನೆಗೆ ಹೊಡೆದ. ಶರಣಪ್ಪನಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕೈಯಲ್ಲಿದ್ದ, ನಟ್ಟು ಬಿಗಿಯುವ ದೊಡ್ಡ ಪಾನಾದಿಂದ ತಿರುಗಿ ಹೊಡೆದ. ಸೂಪರ್‌ವೈಸರ್ ಕೆಳಗೆ ಬಿದ್ದ. ಬಿದ್ದವನ ಮೇಲೆ ಶರಣಪ್ಪ ಇನ್ನೊಂದು ಸಲ ಹೊಡೆದ. ಆ ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಮನುಷ್ಯ ಬದುಕಿದ, ಒಂದು ಕಿವಿ ಶಾಶ್ವತವಾಗಿ ಹೋಯಿತು. ಹತ್ತಿರ ಇದ್ದವರು ಮೂರು ಜನ. ಇಬ್ಬರು, ನಾವು ಬೆನ್ನು ತಿರುಗಿಸಿದ್ದೆವು, ಏನೂ ನೋಡಲಿಲ್ಲ ಎಂದರು. ಮೂರನೆಯವರು ನನ್ನ ಗಂಡ.

ಪೊಲೀಸರು ಅವರ ಹೆಸರು ಬರೆದುಕೊಂಡು ಹೋದ ಮೇಲೆ ನಮ್ಮ ಕೋಣೆಗೆ ಜನ ಬರಲು ಶುರುವಾಯಿತು. ಯುನಿಯನ್ನಿನ ವಕೀಲರು ಬಂದು ತಿಳಿಸಿ ಹೇಳಿದರು: ಅವನು ಮೊದಲು ಹೊಡೆದ, ಇವನು ಒಮ್ಮೆ ತಿರುಗಿ ಹೊಡೆದ, ಅಷ್ಟೇ ಆದರೆ ಸಿಟ್ಟಿನ ಭರದಲ್ಲಿ ಆದದ್ದೆಂದು ಹುಡುಗ ಬಿಡುಗಡೆ ಆಗುತ್ತಾನೆ. ಬಿದ್ದವನಿಗೆ ಹೊಡೆದ ಎಂದರೆ ಜೈಲು. ಇತ್ತ ಮ್ಯಾನೇಜರರೂ ನನ್ನ ಗಂಡನನ್ನು ಕರೆಸಿದ್ದರು. ಸೂಪರ್‌ವೈಸರ್ ಕೈ ಎತ್ತಿದ್ದನ್ನು ನೀನು ನೋಡಿಲ್ಲ, ತಿಳಿಯಿತೇ ಎಂದಿದ್ದರು. ಇವರು ಇಬ್ಬರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕಡೆಗೆ ಗುರುಬಾಯಿಯೇ ಬಂದಳು. ಸೆರಗು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತಳು. “ಅಣ್ಣ, ಪೂರಾ ಸುಳ್ಳ ಹೇಳ್ರಿ ಅನ್ನಂಗಿಲ್ಲ ನಾ. ಒಂದ ಮಾತ ನುಂಗ್ರಿ. ಒಂದೇ ಮಾತ.”

ಇವರು ತಲೆ ತಗ್ಗಿಸಿ ಕುಳಿತೇ ಇದ್ದರು. ಅವಳು ತಿರುಗಿ ಹೋದಳು.

ಮರುದಿನ ಬೆಳಿಗ್ಗೆ ಅವರು ಮುಖ ತೊಳೆಯುತ್ತಿದ್ದಾಗ ನಾನು ನೀರು ಹಾಕುತ್ತಾ ಕೇಳಿದೆ. ಅನ್ನ ಹಾಕಿದವನು ಅವನು, ಒಂದು ಮಾತು ಬಿಟ್ಟರೆ ದೇವರು ಸಿಟ್ಟಾಗುತ್ತಾನೆಯೇ ಎಂದೆ. ಅವರು ಟವೆಲಿನಿಂದ ಮುಖ ಮುಚ್ಚಿಕೊಂಡೇ ಉತ್ತರ ಕೊಟ್ಟರು. “ಕೇಳಲಿಲ್ಲಂದ್ರ ನಾ ಆಗಿ ಹೇಳಂಗಿಲ್ಲ. ಕೇಳಿದ್ರ ಹೇಳಬೇಕಾಗ್ತದ, ಕರುಣಾ. ಆ ಸೂಪರ್‌ವೈಸರಗೂ ಹೆಂಡ್ತಿ ಮಕ್ಳು ಅವ.”

ಕೋರ್ಟಿನಲ್ಲಿ ಕೇಳಿದರು. ಎಷ್ಟು ಏಟು ಎಂದು ಸರಕಾರಿ ವಕೀಲರು ನೇರವಾಗಿ ಕೇಳಿದರು. ಇವರು ನಿಜಾಮರ ಕಾಲದ ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ, ಮೊದಲು ಸೂಪರ್‌ವೈಸರ್ ಹೊಡೆದರು, ಆಮೇಲೆ ಶರಣಪ್ಪ ಎರಡು ಏಟು ಹೊಡೆದ, ಎರಡನೆಯದು ಅವರು ಬಿದ್ದ ಮೇಲೆ ಎಂದು ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ನಮ್ಮ ಚರ್ಚಿನಲ್ಲಿ ಭಾನುವಾರ ಒಬ್ಬೊಬ್ಬರು ಎದ್ದು, ದೇವರು ತಮಗೆ ಮಾಡಿದ ಒಳ್ಳೆಯದನ್ನು ಹೇಳುವುದಕ್ಕೆ ಸಾಕ್ಷಿ ಎನ್ನುತ್ತೇವೆ. ಹೇಳಿದವರ ಮುಖ ಅರಳಿರುತ್ತದೆ. ಅಂದು ಕಟಕಟೆಯಿಂದ ಇಳಿದು ಬಂದ ಇವರ ಮುಖ ಬೂದಿ ಬಡಿದಂತಿತ್ತು. ಶರಣಪ್ಪನಿಗೆ ಒಂದು ವರ್ಷದ ಸಜೆಯಾಯಿತು. ನಾಸಿಕ್ ರೋಡಿನ ಜೈಲಿಗೆ ಕಳಿಸಿದರು.

ಅಲ್ಲಿಂದ ಮುಂದೆ ನಮ್ಮ ಕಡೆ ಯಾರೂ ಇರಲಿಲ್ಲ. ಯುನಿಯನ್ನಿನವರಿಗೆ ಇವರು ದ್ರೋಹಿ, ಮ್ಯಾನೇಜರರಿಗೆ ಮಾತು ಕೇಳದವನು. ಇವರನ್ನು ಮಶೀನಿನಿಂದ ತೆಗೆದು ಹೊರಗಿನ ಅಂಗಳದಲ್ಲಿ ಮೋಡಕಾ, ಅಂದರೆ ಗುಜರಿ ಕಬ್ಬಿಣ ಹೊರುವ ಕೆಲಸಕ್ಕೆ ಹಾಕಿದರು. ನಲ್ಲಿಗೆ ನಾನು ಕೊಡ ಹಿಡಿದು ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ನನ್ನ ಸರದಿ ಬಂದಾಗ ಯಾರಾದರೊಬ್ಬರು ಮುಂದೆ ಕೊಡ ಇಡುತ್ತಿದ್ದರು, ನಾನು ಕಾಯುತ್ತಿದ್ದೆ. ಗುರುಬಾಯಿ ಮಾತ್ರ ಹಾಗೆ ಮಾಡಲಿಲ್ಲ. ಅವಳು ನನ್ನತ್ತ ನೋಡುವುದನ್ನೇ ಬಿಟ್ಟಿದ್ದಳು. ನಡುವಿನ ಗೋಡೆಯ ಆಚೆ ಅವಳು ಬಾಂಡೆ ಪಾತ್ರೆ ಇಡುವ ಸದ್ದು, ಮಗುವಿಗೆ ಬೈಯುವ ಸದ್ದು ಎಲ್ಲ ಕೇಳುತ್ತಿತ್ತು. ಊರಿಗೆ ಹೋಗಲಿಲ್ಲ. ಗಂಡ ಜೈಲಿನಲ್ಲಿದ್ದಾನೆಂದು ತವರಿಗೆ ಹೋಗಿ ಕೂಡಲಾರೆ ಎಂದಳಂತೆ. ಹತ್ತಿರದ ಬೇಳೆ ಮಿಲ್ಲಿನಲ್ಲಿ ಕಾಳು ಆರಿಸುವ ಕೆಲಸಕ್ಕೆ ಸೇರಿದಳು.

ತಿಂಗಳಿಗೊಮ್ಮೆ ಭೇಟಿಗೆ ಅವಕಾಶವಿತ್ತು. ಮೊದಲ ತಿಂಗಳು ಯುನಿಯನ್ನಿನವರು ಅವಳನ್ನು ಕರೆದುಕೊಂಡು ಹೋದರು. ಎರಡನೆಯ ತಿಂಗಳು ಯಾರೂ ಬರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಮರಾಠಿ ತಿಳಿಯುತ್ತಿತ್ತು ಆದರೆ ಮಾತಾಡಲು ನಾಲಗೆ ಏಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಿಂದಲೇ ಅಳುತ್ತಾ ಮರಳಿದಳೆಂದು ಮಗು ಬಂದು ನನಗೆ ಹೇಳಿತು.

ಅದನ್ನು ಕೇಳಿ ಇವರು ಊಟದ ತಟ್ಟೆ ಸರಿಸಿದರು. “ನೀ ಹೋಗು ಆಕಿ ಜೊತಿ. ನಾ ಹೋದ್ರ ಆಕಿಗಿ ಬ್ಯಾಡ, ಅವನಿಗೂ ಬ್ಯಾಡ.”

ನನಗೆ ಎಂದೂ ಬಾರದ ಸಿಟ್ಟು ಅಂದು ಬಂತು. “ಸಾಕ್ಷಿ ಹೇಳಿದವರು ನೀವು. ಬಸ್ ಹತ್ತೋದು ನಾನಾ?” ಎಂದೆ.

ಹೌದು, ತಪ್ಪು ಎಂದರು. ಅಷ್ಟೇ. ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಹೋಗುತ್ತಿರಲಿಲ್ಲವೇನೋ.

ಮುಂದಿನ ಭೇಟಿಯ ಹಿಂದಿನ ದಿನ ಸಂಜೆ ನಾನು ಅವಳ ಬಾಗಿಲಿಗೆ ಹೋಗಿ, ನಾಳೆ ಐದಕ್ಕೆ ಬಸ್ಸು, ನಾನು ಬರುತ್ತೇನೆ, ಫಾರಂ ಬರೆಯುತ್ತೇನೆ, ಮಾತಾಡಬೇಕೆಂದೇನಿಲ್ಲ ಎಂದೆ. ಅವಳು ಜೋಳ ಕೇರುತ್ತಿದ್ದಳು. ತಲೆ ಎತ್ತಲಿಲ್ಲ. ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಾಗ ಹಿಂದೆ ಹೆಜ್ಜೆಯ ಸದ್ದು ಕೇಳಿತು. ಮಗುವನ್ನು ಎತ್ತಿಕೊಂಡು, ಹತ್ತು ಮಾರು ದೂರ ಬಿಟ್ಟು ಅವಳು ಬರುತ್ತಿದ್ದಳು.

ಹಾಗೆ ಶುರುವಾಯಿತು. ಚಳಿ ಹೋಗಿ ಬಿಸಿಲು ಏರುತ್ತಿತ್ತು. ವೈಜಾಪುರ ದಾಟಿ, ಯೇವಲಾ ದಾಟಿ, ನಿಫಾಡದ ದ್ರಾಕ್ಷಿ ಚಪ್ಪರಗಳನ್ನು ದಾಟಿ ನಾಸಿಕ್ ಮುಟ್ಟುವಷ್ಟರಲ್ಲಿ ಮೈಯೆಲ್ಲ ಧೂಳು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾಸಿಕ್ ರೋಡು. ಗುರುಬಾಯಿ ನನ್ನ ಮುಂದಿನ ಸೀಟಿನಲ್ಲಿ ಕೂಡುತ್ತಿದ್ದಳು. ಮಗುವಿಗೆ ಬಸ್ಸಿನಲ್ಲಿ ವಾಂತಿ. ಅವಳು ಮಗುವನ್ನು ಹಿಡಿದುಕೊಂಡರೆ ನಾನು ಎದ್ದು ನೆಲ ಒರೆಸುತ್ತಿದ್ದೆ. ಮಾತಿಲ್ಲ. ಜೈಲಿನ ಬಾಗಿಲಲ್ಲಿ ನಾನು ಮರಾಠಿಯಲ್ಲಿ ಫಾರಂ ತುಂಬುತ್ತಿದ್ದೆ. ಕೈದಿಯ ಹೆಸರು, ಬಂದವರ ಹೆಸರು, ಸಂಬಂಧ. ಜೊತೆಗೆ ಬಂದ ನೀವು ಅವನಿಗೆ ಏನಾಗಬೇಕು ಎಂದು ಮೊದಲ ಸಲ ಗುಮಾಸ್ತ ಕೇಳಿದಾಗ “ಶೇಜಾರೀಣ” ಎಂದೆ. ಪಕ್ಕದ ಮನೆಯವಳು. ಅವನು ಹಾಗೇ ಬರೆದುಕೊಂಡ. ಅವರಿಬ್ಬರೂ ಒಳಗೆ ಹೋದ ಮೇಲೆ ನಾನು ಹೊರಗಿನ ಬೇವಿನ ಮರದ ಕೆಳಗೆ ಕೂಡುತ್ತಿದ್ದೆ. ಅವಳು ಹೊರಬಂದು ನಡೆಯತೊಡಗಿದರೆ ನಾನು ಎದ್ದು ಹಿಂದೆ ನಡೆಯುತ್ತಿದ್ದೆ. ಕತ್ತಲಾಗುವಾಗ ಮನೆ.

ಇಂಥ ಕೆಲಸ ಮಾಡಿದರೆ ಮನಸ್ಸಿಗೆ ಸಮಾಧಾನ ಸಿಗುತ್ತದೆಂದು ಚರ್ಚಿನಲ್ಲಿ ಕೇಳಿದ್ದೆ. ಸಿಗಲಿಲ್ಲ. ಸಿಕ್ಕಿದ್ದು ಕಾಲು ಊತ. ಪ್ರತಿ ಸಲ ಹೊರಡುವಾಗ ಏನಾದರೂ ಅಡ್ಡಿ ಬರಲಿ, ಬಸ್ಸು ನಿಲ್ಲಲಿ ಎಂದು ಬಯಸುತ್ತಿದ್ದೆ. ಬಸ್ಸಿನಲ್ಲಿ ಕುಳಿತು ಪ್ರಾರ್ಥನೆ ಮಾಡಲು ಹೋದರೆ, ಸ್ವಾಮಿ, ಇದೊಂದು ದಿನ ದಾಟಿಸು ಎಂಬುದಕ್ಕಿಂತ ಮುಂದಕ್ಕೆ ಮಾತು ಹೋಗುತ್ತಿರಲಿಲ್ಲ.

ನಾಲ್ಕನೆಯ ಸಲ ಹೋಗಿ ಬರುವಷ್ಟರಲ್ಲಿ ಸಾಲಿನಲ್ಲಿ ಹೊಸ ಮಾತು ಹುಟ್ಟಿತ್ತು. ಗಂಡನನ್ನು ಒಳಗೆ ಹಾಕಿಸಿ, ಹೆಂಡತಿಯನ್ನು ತಮ್ಮ ಧರ್ಮಕ್ಕೆ ಎಳೆದುಕೊಳ್ಳುತ್ತಿದ್ದಾರೆ ಎಂದು. ಬೇಳೆ ಮಿಲ್ಲಿನಲ್ಲಿ ಗುರುಬಾಯಿಯನ್ನು ಅದೇ ಕೇಳಿದರಂತೆ. ಚರ್ಚಿನಲ್ಲಿಯೂ ಒಬ್ಬ ಹಿರಿಯರು ನಗುತ್ತಾ, ಆ ಹೆಣ್ಣುಮಗಳನ್ನು ಯಾವಾಗ ಕರೆದುಕೊಂಡು ಬರುತ್ತೀರಿ ಎಂದರು. ಅಂದೇ ನಾನು ಒಂದು ತೀರ್ಮಾನ ಮಾಡಿದೆ. ಅವಳ ಎದುರು ನನ್ನ ದೇವರ ಹೆಸರನ್ನು ಎತ್ತಬಾರದು. ಬುತ್ತಿ ಬಿಚ್ಚುವಾಗ ಕಣ್ಣು ಮುಚ್ಚಿ ಪ್ರಾರ್ಥಿಸುವ ಅಭ್ಯಾಸವನ್ನೂ ಆ ಬಸ್ಸಿನಲ್ಲಿ ಬಿಟ್ಟೆ. ಇವರಿಗೆ ಹೇಳಿದಾಗ, ಸರಿ ಮಾಡಿದಿ ಎಂದರು. ಆ ವರ್ಷ ಪೂರ್ತಿ ಹಾಗೇ ನಡೆದುಕೊಂಡೆ.

ಮಳೆಗಾಲ ಹಿಡಿಯಿತು. ಇವರು ಅಂಗಳದಲ್ಲಿ ತೊಯ್ದುಕೊಂಡು ಕಬ್ಬಿಣ ಹೊತ್ತು ಕೆಮ್ಮು ಹತ್ತಿಸಿಕೊಂಡಿದ್ದರು. ತಗಡು ಸೋರುತ್ತಿತ್ತು. ನಮಗೆ ಆಗಿನ್ನೂ ಮಕ್ಕಳಿರಲಿಲ್ಲ, ಅದಕ್ಕೂ ನಲ್ಲಿಯ ಹತ್ತಿರ ಒಂದು ಮಾತು ಬಂದಿತ್ತು: ಇನ್ನೊಬ್ಬರ ಮನೆ ಮುರಿದವರಿಗೆ ಹೇಗೆ ಆಗುತ್ತವೆ ಎಂದು. ಆ ತಿಂಗಳು ಭೇಟಿಯ ದಿನ ಹತ್ತಿರ ಬಂದಾಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿ, ಈ ಸಲ ನಾನು ಹೋಗುವುದಿಲ್ಲ ಎಂದೆ. ಜ್ವರವಿರಲಿಲ್ಲ. ಸುಮ್ಮನೆ ಕೈಲಾಗುತ್ತಿರಲಿಲ್ಲ.

ಇವರು ಕೆಲಸಕ್ಕೆ ರಜೆ ಹಾಕಿ ಬೆಳಿಗ್ಗೆ ತಾವೇ ಹೊರಟರು. ಎಂಟು ಗಂಟೆಗೆಲ್ಲ ತಿರುಗಿ ಬಂದರು. ತೊಯ್ದ ಚಪ್ಪಲಿ ಬಿಡದೆ ಬಾಗಿಲಲ್ಲೇ ಕುಳಿತರು. ಗುರುಬಾಯಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಬದಲು ಇವರನ್ನು ಕಂಡು ಅಲ್ಲೇ ನಿಂತುಬಿಟ್ಟಳಂತೆ. ಇವರು ಫಾರಂ ಬರೆದುಕೊಟ್ಟು ದೂರ ಕೂಡುತ್ತೇನೆ ಎಂದರೂ ಕೇಳಲಿಲ್ಲ. ಬಸ್ಸು ಹೋಯಿತು. ಅವಳು ಮಗುವಿನ ತಲೆಗೆ ಸೆರಗು ಮುಚ್ಚಿ ಮಳೆಯಲ್ಲೇ ಮರಳಿ ನಡೆದಳು. ಅಂದು ನಾಸಿಕಿನಲ್ಲಿ ಶರಣಪ್ಪ ತನ್ನ ಹೆಸರು ಕೂಗುವುದನ್ನೇ ಕಾಯುತ್ತಾ ಕುಳಿತಿರಬೇಕು.

“ನಾ ಹೇಳಿದ್ದು ಖರೇನೇ,” ಎಂದರು ಇವರು. ಕಣ್ಣು ಒರೆಸಿಕೊಂಡರು. “ಆದ್ರ ಖರೇ ಹೇಳಿ ನಾ ಕೈ ತೊಳಕೊಂಡಂಗ ಆಗ್ಯದ, ಕರುಣಾ. ಹೊರೆ ಎಲ್ಲಾ ನಿನ್ನ ತಲಿ ಮ್ಯಾಲ, ಆಕಿ ತಲಿ ಮ್ಯಾಲ ಬಿತ್ತು. ನಾ ಹೊರಬೇಕಂದ್ರ ಯಾರೂ ಕೊಡಂಗಿಲ್ಲ.”

ಅವರು ಅತ್ತದ್ದನ್ನು ನಾನು ಮೊದಲು ನೋಡಿದ್ದು ಆಗ. ಅಲ್ಲಿಯವರೆಗೆ ನಾನು ಅವರನ್ನು ಗಟ್ಟಿ ಮನುಷ್ಯ ಎಂದುಕೊಂಡಿದ್ದೆ, ಸ್ವಲ್ಪ ಅಸೂಯೆಯನ್ನೂ ಪಟ್ಟಿದ್ದೆ. ಕೋರ್ಟಿನ ದಿನದಿಂದ ಅವರೂ ನನ್ನಷ್ಟೇ ಸೋತುಹೋಗಿದ್ದಾರೆ ಎಂಬುದು ಅವತ್ತೇ ತಿಳಿದದ್ದು. ಚಹಾ ಮಾಡಿ ಕೊಟ್ಟೆ. ಮುಂದಿನ ತಿಂಗಳು ನಾನೇ ಹೋಗುತ್ತೇನೆ ಎಂದೆ. ಅವರಿಗೆ ಸಮಾಧಾನವಾಗಲಿ ಎಂದು ಹೇಳಿದ್ದಲ್ಲ. ಒಳಗೆ ಕಾದು ಕುಳಿತವನ ಚಿತ್ರ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಮುಂದಿನ ತಿಂಗಳು ಬಸ್ಸಿನಲ್ಲಿ ಗುರುಬಾಯಿ ಮುಂದಿನ ಸೀಟಿಗೆ ಹೋಗಲಿಲ್ಲ. ಮಗುವನ್ನು ಕಿಟಕಿಯ ಹತ್ತಿರ ಕೂಡಿಸಿ ನನ್ನ ಪಕ್ಕದಲ್ಲಿ ಕುಳಿತಳು. ವೈಜಾಪುರ ದಾಟಿದ ಮೇಲೆ ಮುಂದೆ ನೋಡುತ್ತಲೇ ಕೇಳಿದಳು.

“ಹೋದ ತಿಂಗಳ ಯಾಕ ಬರಲಿಲ್ರಿ ಅಕ್ಕ?”

ಸುಳ್ಳು ಹೇಳಬಹುದಿತ್ತು. “ಸಾಕಾಗಿತ್ತು,” ಎಂದೆ.

ಅವಳು ಹೌದೆನ್ನುವಂತೆ ತಲೆ ಆಡಿಸಿದಳು. “ನನಗೂ ಸಾಕಾಗ್ಯದ್ರಿ. ಅಂವಾ ಒಳಗ ಕುಂತಾನ, ನಾವು ಹೊರಗ ತಿರಗ್ಲತ್ತೇವು.” ಮಗುವನ್ನು ಕಿಟಕಿಯಿಂದ ಈಚೆ ಎಳೆದುಕೊಂಡು, “ನಿಮ್ಮ ಮ್ಯಾಲ ಸಿಟ್ಟ ಇಟ್ಕೊಳ್ಳಾಕ ಭಾಳ ನೋಡ್ದೆ. ಶಕ್ತಿ ಇಲ್ಲ,” ಎಂದಳು.

ಯೇವಲಾದಲ್ಲಿ ಬಸ್ಸು ನಿಂತಾಗ ಅವಳು ಗಂಟು ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಅರ್ಧ ನನ್ನ ಕೈಗಿಟ್ಟಳು. ನನ್ನ ಬುತ್ತಿ ನನ್ನ ಚೀಲದಲ್ಲೇ ಇತ್ತು. ಅದನ್ನು ನಾನು ತೆಗೆಯಲಿಲ್ಲ, ಅವಳೂ ಕೇಳಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಲವೂ ಅವಳ ರೊಟ್ಟಿಯನ್ನೇ ಇಬ್ಬರೂ ಉಂಡೆವು. ನನ್ನ ಕೈಯದನ್ನು ಅವಳು ಕಡೆಯವರೆಗೂ ಉಣ್ಣಲಿಲ್ಲ. ಕೊಡಬೇಕೆಂದು ಹೊರಟವಳು ನಾನು. ತೆಗೆದುಕೊಂಡು ಉಣ್ಣುವುದನ್ನು ಕಲಿತು ಬಂದೆ.

ಆ ಸಲ ಭೇಟಿ ಮುಗಿದ ಮೇಲೆ ಗೋದಾವರಿಯನ್ನು ನೋಡಬೇಕೆಂದಳು. ಅಷ್ಟು ಸಲ ನಾಸಿಕಿಗೆ ಬಂದರೂ ಹೊಳೆಯ ಹತ್ತಿರ ಹೋಗಿರಲಿಲ್ಲವಂತೆ. ಮಳೆಯ ಕೆಂಪು ನೀರು ಮೆಟ್ಟಿಲುಗಳನ್ನು ಮುಳುಗಿಸಿ ಹರಿಯುತ್ತಿತ್ತು. ನಾನು ಮೇಲಿನ ಮೆಟ್ಟಿಲಲ್ಲಿ ಶಶಿಕಲಾಳನ್ನು ಹಿಡಿದು ಕುಳಿತೆ. ಅವಳು ಕೆಳಗಿಳಿದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅಂಗೈಯಲ್ಲಿಷ್ಟು ತಂದು ಮಗಳ ತಲೆಗೆ ಹಚ್ಚಿದಳು. ಅವಳೇನು ಬೇಡಿಕೊಂಡಳೆಂದು ಕೇಳಲಿಲ್ಲ. ನಾನು ಬೇಡುತ್ತಿದ್ದುದೇ ಅವಳದೂ ಇರಬೇಕು.

ದಸರೆಯ ಮೇಲೆ ಒಂದು ಸಲ ಶರಣಪ್ಪ ನನ್ನನ್ನು ಒಳಗೆ ಕರೆತರಲು ಹೇಳಿ ಕಳಿಸಿದ. ಇನ್ನೊಂದು ಫಾರಂ ತುಂಬಿ ಒಳಗೆ ಹೋದೆ. ಭೇಟಿ ಕೋಣೆಯ ತಂತಿ ಜಾಳಿಗೆಯ ಆಚೆ ನಿಂತಿದ್ದವನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಮೈ ಇಳಿದಿತ್ತು, ತಲೆ ಬೋಳಿಸಿದ್ದರು. ಇವರ ಕೆಮ್ಮು ಹೇಗಿದೆ ಎಂದು ಅವನು ಕೇಳಿದಾಗ, ಗುರುಬಾಯಿ ನಮ್ಮ ಮನೆಯ ಸುದ್ದಿಯನ್ನೂ ಅವನಿಗೆ ಹೇಳುತ್ತಾಳೆಂದು ತಿಳಿಯಿತು. ಸ್ವಲ್ಪ ಕಡಿಮೆ ಎಂದೆ.

“ಅಂವಾ ಸುಳ್ಳ ಹೇಳಿಲ್ಲ,” ಎಂದ ಶರಣಪ್ಪ. “ಎರಡ ಸಲ ಹೊಡದೆ ನಾ. ಇಲ್ಲಿ ಕುಂತು ದಿನಾ ಅದೇ ನೆನಸ್ತೀನಿ. ಆದ್ರ ವೈನಿ, ನಾ ಅವನ ಮುಖ ನೋಡಂಗಿಲ್ಲ. ಅದೂ ಖರೇ. ಹೇಳ್ರಿ ಅವಗ.”

ಹೇಳುತ್ತೇನೆ ಎಂದೆ. ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಇವರು, ಅವನ ಹಕ್ಕು ಅದು ಎಂದರು.

ಬಿಡುಗಡೆಯ ದಿನ ಮಾಘದ ಚಳಿ. ಹಿಂದಿನ ದಿನವೇ ಹೋಗಿ ಒಂದು ಧರ್ಮಶಾಲೆಯಲ್ಲಿ ಉಳಿದು, ಬೆಳಿಗ್ಗೆ ಜೈಲಿನ ಬಾಗಿಲಿಗೆ ಬಂದೆವು. ಹತ್ತು ಗಂಟೆಗೆ ಚಿಕ್ಕ ಬಾಗಿಲು ತೆರೆದು ಅವನು ಹೊರಬಂದ. ಕೈಯಲ್ಲಿ ಒಂದು ಗಂಟು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಗುರುಬಾಯಿ ಓಡಲಿಲ್ಲ, ಅಳಲಿಲ್ಲ. ಹತ್ತಿರ ಹೋಗಿ ಗಂಟು ತೆಗೆದುಕೊಂಡಳು. ಜಾಳಿಗೆಯಿಲ್ಲದೆ ಕಂಡ ಅಪ್ಪನನ್ನು ನೋಡಿ ಶಶಿಕಲಾ ಹೆದರಿ ನನ್ನ ಸೀರೆಯ ಹಿಂದೆ ಸೇರಿಕೊಂಡಳು. ಅವನು ಅದನ್ನು ನೋಡಿಯೂ ನೋಡದವನಂತೆ ಮುಂದೆ ನಡೆದ.

ಬಸ್ಸಿನಲ್ಲಿ ಅವರಿಬ್ಬರೂ ಮುಂದೆ, ನಾನು ಹಿಂದೆ, ಮಗು ನನ್ನ ತೊಡೆಯ ಮೇಲೆ ನಿದ್ದೆ. ಕಾರ್ಖಾನೆಯವರು ಅವನನ್ನು ತಿರುಗಿ ತೆಗೆದುಕೊಳ್ಳುವಂತಿರಲಿಲ್ಲ. ಪರಿಚಯದವರೊಬ್ಬರು ಕನ್ನಡ ಎಂಬ ಊರಿನ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸವಿದೆ ಎಂದು ತಿಳಿಸಿದ್ದರು. ಔರಂಗಾಬಾದಿನ ವಾಯವ್ಯಕ್ಕೆ ಇರುವ ತಾಲೂಕಿನ ಊರದು.

“ಅಲ್ಲಿ ಮಂದಿ ಕನ್ನಡ ಮಾತಾಡ್ತಾರೇನು?” ಎಂದು ಗುರುಬಾಯಿ ಕೇಳಿದಳು. ಅವಳ ಧ್ವನಿಯಲ್ಲಿ ಆಸೆ ಇತ್ತು.

“ಇಲ್ಲ. ಬರೇ ಹೆಸರ ಅಷ್ಟೇ,” ಎಂದ ಶರಣಪ್ಪ. ಹೇಳುವಾಗ ಅವನಿಗೆ ನಗು ಬಂತು, ಅವಳಿಗೂ ಬಂತು. ಆ ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮುಂದಿನ ವಾರ ಅವರು ಅಲ್ಲಿಗೆ ಹೋದರು, ಬಹಳ ವರ್ಷ ಅಲ್ಲೇ ಇದ್ದರು. ನಾನು ಎರಡು ಸಲ ಹೋಗಿ ಬಂದೆ, ಒಬ್ಬಳೇ. ಶಶಿಕಲಾ ಮರಾಠಿ ಶಾಲೆಗೆ ಹೋಗುತ್ತಿದ್ದಳು. ನನ್ನ ಗಂಡನನ್ನು ಅವರು ಕರೆಯಲಿಲ್ಲ, ಇವರೂ ಹೋಗಲಿಲ್ಲ. ಬದುಕಿರುವವರೆಗೆ ಇವರು ಬೆಳಗಿನ ಪ್ರಾರ್ಥನೆಯಲ್ಲಿ ಎರಡು ಹೆಸರು ತಪ್ಪದೆ ಹೇಳುತ್ತಿದ್ದರು, ಒಂದು ಶರಣಪ್ಪನದು, ಇನ್ನೊಂದು ಆ ಸೂಪರ್‌ವೈಸರನದು.

ಅಂದು ಬಸ್ಸು ಔರಂಗಾಬಾದ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಬರಬೇಡಿ ಎಂದು ನಾನು ಇವರಿಗೆ ಹೇಳಿ ಹೋಗಿದ್ದೆ. ಆದರೂ ಬಂದಿದ್ದರು. ಬಸ್ ಸ್ಟ್ಯಾಂಡಿನ ಗೋಡೆಗೆ ಒತ್ತಿ, ಸೈಕಲ್ ಹಿಡಿದುಕೊಂಡು, ಕಾಣದಂತೆ ನಿಲ್ಲಬೇಕೆಂದು ನಿಂತವರು ಎಲ್ಲರಿಗೂ ಕಾಣುತ್ತಿದ್ದರು. ಶರಣಪ್ಪ ಇಳಿದ ಕೂಡಲೇ ಕಂಡ. ಗುರುಬಾಯಿ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡು ನೇರವಾಗಿ ಇವರ ಕಡೆ ನಡೆದ. ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೂ ಹಿಂದೆಯೇ ಹೋದೆ.

ಶರಣಪ್ಪ ಎರಡು ಹೆಜ್ಜೆ ದೂರದಲ್ಲಿ ನಿಂತ. ಇವರ ಮುಖ ನೋಡಲಿಲ್ಲ. ಸೈಕಲ್ಲಿನ ಗಾಲಿಯನ್ನು ನೋಡುತ್ತಾ ಹೇಳಿದ.

“ನಿನ್ನ ಹೆಂಡ್ತಿಗಿ ಭಾಳ ದಣಿವಾಗ್ಯದ. ಮನಿಗಿ ಕರ್ಕೊಂಡ ಹೋಗು.”

ಅಷ್ಟು ಹೇಳಿ, ತಿರುಗಿ ನನ್ನ ಹೆಗಲಿನಿಂದ ಮಗಳನ್ನು ಎತ್ತಿಕೊಂಡ. ಅವಳಿಗೆ ಎಚ್ಚರವಾಗಲಿಲ್ಲ. ಮೂವರೂ ಟಾಂಗಾ ನಿಲ್ಲುವ ಕಡೆ ಹೋದರು.

ಇವರು ನನ್ನ ಚೀಲ ತೆಗೆದುಕೊಂಡು ಹ್ಯಾಂಡಲ್ಲಿಗೆ ಸಿಕ್ಕಿಸಿ, ನನ್ನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡರು. ಚಿಕಲಠಾಣಾದವರೆಗೆ ದೂರದ ದಾರಿ. ಸ್ವಲ್ಪ ಹೊತ್ತಿನಲ್ಲೇ ನಾನು ಅವರ ಬೆನ್ನಿಗೆ ತಲೆ ಆನಿಸಿ ನಿದ್ದೆ ಹೋದೆನಂತೆ. ಎರಡು ಸಲ ಬೀಳುವಂತಾದೆನಂತೆ. ಆಮೇಲೆ ಅವರು ಇಳಿದು, ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ನನ್ನ ಬೆನ್ನಿಗೆ ಹಿಡಿದು, ಮನೆಯವರೆಗೂ ಸೈಕಲ್ ತಳ್ಳಿಕೊಂಡೇ ನಡೆದರಂತೆ. ನನಗೆ ಯಾವುದೂ ಗೊತ್ತಾಗಲಿಲ್ಲ.